ದಾರಿ ತೋರುವ ನಾಯಿ, ಸಂತೈಸುವ ನಾಯಿ

ಮಾನವನಿಗೂ ನಾಯಿಗೂ ಇರುವ ನಂಟು ಬಹು ಪುರಾತನವಾದುದು. ಹಸುವನ್ನು ಹಟ್ಟಿಗೆ ತರುವುದಕ್ಕೂ ಕುದುರೆಗೆ ಕಡಿವಾಣ ತೊಡಿಸುವುದಕ್ಕೂ ಸಾವಿರಾರು ವರ್ಷ ಮೊದಲೇ ನಾಯಿ ಅವನ ಒಲೆಯ ಬಳಿ ಬಂದು ಮಲಗಿತ್ತು. ಅದು ಬೇಟೆಯಲ್ಲಿ ಅವನಿಗೆ ಜೊತೆಯಾಯಿತು, ಕುರಿಮಂದೆಗೆ ಕಾವಲಾಯಿತು, ಇರುಳಿನಲ್ಲಿ ಮನೆಬಾಗಿಲಿನ ಎಚ್ಚರವಾಯಿತು. ಈ ನಿಷ್ಠೆಯನ್ನು ಕನ್ನಡ ನಾಡು ಕಲ್ಲಿನಲ್ಲಿ ಬರೆದಿಟ್ಟಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. ಸುಮಾರು 949ರ ಶಾಸನದಲ್ಲಿ ‘ಕಾಳಿ’ ಎಂಬ ಬೇಟೆನಾಯಿಯ ಕಥೆಯಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಮಣಲೆರನೆಂಬ ವೀರನು ಪಡೆದ ನಾಯಿ ಅದು. ಬೆಳತೂರಿನ ಗುಡ್ಡದಲ್ಲಿ ಕಾಡುಹಂದಿಯೊಡನೆ ಹೋರಾಡಿ ಅದು ಮಡಿಯಿತು, ಹಂದಿಯೂ ಸತ್ತಿತು. ಮಣಲೆರನು ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಿಸಿದನು.

ಕಾಳಿಯು ಹಲ್ಲಿನ ಬಲದಿಂದಲೂ ಕಾಲಿನ ವೇಗದಿಂದಲೂ ಒಡೆಯನ ಋಣ ತೀರಿಸಿತು. ಕಳೆದ ನೂರು ವರ್ಷಗಳಲ್ಲಿ ನಾಯಿಗೆ ಬೇರೆ ಬಗೆಯ ಹೊಣೆಗಳು ಬಂದಿವೆ. ಕಣ್ಣಿಲ್ಲದವರಿಗೆ ಒಂದು ನಾಯಿ ದಾರಿ ತೋರುತ್ತದೆ. ಕಿವಿ ಕೇಳದವರಿಗೆ ಇನ್ನೊಂದು ನಾಯಿ ಸದ್ದನ್ನು ತಿಳಿಸುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಬಳಲುವ ರೋಗಿಯ ಮಗ್ಗುಲಲ್ಲಿ ಮತ್ತೊಂದು ನಾಯಿ ಸುಮ್ಮನೆ ಕುಳಿತು ಅವನ ಮುಖದಲ್ಲಿ ನಗು ಮೂಡಿಸುತ್ತದೆ. ಹೊರಗಿನಿಂದ ನೋಡುವವರಿಗೆ ಇವೆಲ್ಲವೂ ಒಂದೇ ಎಂದು ತೋರಬಹುದು. ಆದರೆ ಇವುಗಳ ಕೆಲಸ ಬೇರೆ, ಕಲಿಕೆ ಬೇರೆ, ಹಕ್ಕು ಬೇರೆ. ಈ ಭೇದವನ್ನು ತಿಳಿಯದೆ ನಡೆದುಕೊಂಡರೆ ಒಬ್ಬ ಅಂಧನ ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಇದನ್ನು ಎಲ್ಲರೂ ಅರಿತಿರುವುದು ಒಳ್ಳೆಯದು.

ಅಂಧರ ಜೊತೆಯಲ್ಲಿ ನಾಯಿ ನಡೆಯುವ ಚಿತ್ರಗಳು ಪ್ರಾಚೀನ ರೋಮಿನ ಕಾಲದಿಂದಲೂ ದೊರೆತಿವೆ. ಆದರೆ ಕ್ರಮಬದ್ಧವಾದ ಶಿಕ್ಷಣ ಕೊಟ್ಟು ನಾಯಿಗಳನ್ನು ಅಂಧರಿಗೆ ಒಪ್ಪಿಸುವ ಶಾಲೆ ಆರಂಭವಾದುದು ಮೊದಲನೆಯ ಮಹಾಯುದ್ಧದ ನಡುವೆ. ವಿಷಾನಿಲದಿಂದಲೂ ಗುಂಡುಗಳಿಂದಲೂ ಕಣ್ಣು ಕಳೆದುಕೊಂಡ ಸೈನಿಕರು ಜರ್ಮನಿಯ ಆಸ್ಪತ್ರೆಗಳಲ್ಲಿ ತುಂಬಿಹೋಗಿದ್ದರು. ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯರು ಒಮ್ಮೆ ಕಣ್ಣು ಕಳೆದುಕೊಂಡ ರೋಗಿಯೊಬ್ಬನ ಬಳಿ ತಮ್ಮ ನಾಯಿಯನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋದರಂತೆ. ಹಿಂದಿರುಗಿ ಬಂದಾಗ ನಾಯಿ ಆ ರೋಗಿಯನ್ನು ಕಾಯುತ್ತಿರುವಂತೆ ಅವರಿಗೆ ತೋರಿತಂತೆ. ಈ ಒಂದು ನೋಟದಿಂದಲೇ ಅವರಿಗೆ ಹೊಸ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1916ರಲ್ಲಿ ಓಲ್ಡನ್‌ಬರ್ಗ್ ಪಟ್ಟಣದಲ್ಲಿ ಅವರು ಮಾರ್ಗದರ್ಶಿ ನಾಯಿಗಳ ಶಾಲೆಯನ್ನು ತೆರೆದರು. ಅನಂತರ 1923ರಲ್ಲಿ ಪಾಟ್ಸ್‌ಡಾಮ್ ನಗರದಲ್ಲಿಯೂ ಅಂಥದೇ ಶಾಲೆಯೊಂದು ಆರಂಭವಾಯಿತು.

ಆ ಕಾಲದಲ್ಲಿ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ ಸ್ವಿಟ್ಜರ್ಲೆಂಡಿನಲ್ಲಿ ನೆಲಸಿ, ಪೋಲಿಸರಿಗೂ ಸೈನ್ಯಕ್ಕೂ ಬೇಕಾದ ನಾಯಿಗಳನ್ನು ಸಾಕಿ ತರಬೇತಿ ಕೊಡುತ್ತಿದ್ದರು. ಪಾಟ್ಸ್‌ಡಾಮಿನ ಶಾಲೆಯನ್ನು ಕಂಡು ಅವರು ಬೆರಗಾದರು. ತಾವು ಕಂಡುದನ್ನು 1927ರ ನವೆಂಬರಿನಲ್ಲಿ ಅಮೆರಿಕದ ವಾರಪತ್ರಿಕೆಯೊಂದರಲ್ಲಿ ಬರೆದರು. ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದ ಮಾರಿಸ್ ಫ್ರಾಂಕ್ ಎಂಬ ತರುಣನಿಗೆ ಆ ಲೇಖನವನ್ನು ಮನೆಯವರು ಓದಿ ಹೇಳಿದರು. ಆರನೆಯ ವಯಸ್ಸಿನಲ್ಲಿ ಅವನ ಒಂದು ಕಣ್ಣು ಹೋಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಮುಷ್ಟಿಯುದ್ಧದ ಆಟದಲ್ಲಿ ಪೆಟ್ಟು ಬಿದ್ದು ಇನ್ನೊಂದೂ ಹೋಯಿತು. ಅಂಗಡಿಗೆ ಹೋಗಬೇಕಾದರೂ ಕೂಲಿಯ ಹುಡುಗನೊಬ್ಬನ ಕೈಯನ್ನು ಕಾಯಬೇಕಾದ ಬಾಳು ಅವನಿಗೆ ಬೇಸರ ತಂದಿತ್ತು. ತನಗೊಂದು ನಾಯಿಯನ್ನು ಒದಗಿಸಿಕೊಟ್ಟರೆ, ತನ್ನಂಥ ಇತರರಿಗೂ ಅದೇ ನೆರವು ದೊರೆಯುವಂತೆ ದುಡಿಯುವುದಾಗಿ ಅವನು ಯೂಸ್ಟಿಸ್ ಅವರಿಗೆ ಪತ್ರ ಬರೆದನು.

1928ರಲ್ಲಿ ಅವನು ಹಡಗನ್ನೇರಿ ಯೂರೋಪಿಗೆ ಹೊರಟನು. ಆ ಪ್ರಯಾಣದಲ್ಲಿ ಅವನನ್ನು ಒಂದು ಸಾಮಾನಿನ ಗಂಟಿನಂತೆ ನೋಡಿಕೊಳ್ಳಲಾಯಿತು. ಸೇವಕನು ಕರೆದೊಯ್ದಾಗ ನಡೆಯಬೇಕು, ತಂದು ಬಿಟ್ಟಾಗ ಕೋಣೆಯಲ್ಲಿ ಕುಳಿತಿರಬೇಕು. ಹಿಂದಿರುಗುವಾಗಲಾದರೋ ಅವನ ಎಡಗೈಯಲ್ಲಿ ‘ಬಡ್ಡಿ’ ಎಂಬ ಜರ್ಮನ್ ಷೆಫರ್ಡ್ ಜಾತಿಯ ಹೆಣ್ಣುನಾಯಿಯ ಎದೆಪಟ್ಟಿಯಿತ್ತು. ಆ ವರ್ಷದ ಜೂನ್ ತಿಂಗಳಿನಲ್ಲಿ ಅವನು ನ್ಯೂಯಾರ್ಕಿನಲ್ಲಿ ಇಳಿದಾಗ ಪತ್ರಿಕೆಯವರು ಮುತ್ತಿಕೊಂಡರು. ನಾಯಿಯೊಂದು ಅಂಧನನ್ನು ನಡೆಸುವುದೆಂದರೆ ಅವರಿಗೆ ನಂಬಿಕೆ ಬರಲಿಲ್ಲ. ಕಣ್ಣಿರುವವರೇ ಅಂಜುತ್ತಿದ್ದ ವೆಸ್ಟ್ ಸ್ಟ್ರೀಟ್ ಎಂಬ ಬೀದಿಯನ್ನು ದಾಟಿ ತೋರಿಸುವಂತೆ ಅವರು ಸವಾಲು ಹಾಕಿದರು. ಲಾರಿಗಳ ಗರ್ಜನೆ, ಕಾರುಗಳ ಕೂಗು, ಜನರ ಗದ್ದಲ ಇವುಗಳ ನಡುವೆ ಬಡ್ಡಿ ಮುಂದೆ ಹೆಜ್ಜೆಯಿಟ್ಟಿತು, ನಿಂತಿತು, ಹಿಂದೆ ಸರಿಯಿತು, ಮತ್ತೆ ನಡೆಯಿತು. ಫ್ರಾಂಕ್ ಆ ಎದೆಪಟ್ಟಿಯ ಹಿಡಿಯೊಂದನ್ನೇ ನಂಬಿ ಆಚೆಯ ದಡ ಸೇರಿದನು. ಯೂಸ್ಟಿಸ್ ಅವರಿಗೆ ಅವನು ಕಳುಹಿಸಿದ ತಂತಿಯಲ್ಲಿ ಇದ್ದುದು ಒಂದೇ ಮಾತು: ಯಶಸ್ಸು.

ಫ್ರಾಂಕ್ ತನ್ನ ಮಾತನ್ನು ಉಳಿಸಿಕೊಂಡನು. 1929ರ ಜನವರಿಯಲ್ಲಿ ಯೂಸ್ಟಿಸ್ ಅವರೊಡನೆ ಸೇರಿ ನ್ಯಾಶ್‌ವಿಲ್‌ನಲ್ಲಿ ‘ಸೀಯಿಂಗ್ ಐ’ ಎಂಬ ಸಂಸ್ಥೆಯನ್ನು ಕಟ್ಟಿದನು. ಆದರೆ ಬೀದಿಯನ್ನು ದಾಟಿದ ನಾಯಿಗೆ ಬಾಗಿಲುಗಳನ್ನು ದಾಟುವುದು ಅಷ್ಟು ಸುಲಭವಾಗಲಿಲ್ಲ. ನಾಯಿಯನ್ನು ಒಳಗೆ ಬಿಡುವುದಿಲ್ಲವೆಂದು ರೈಲಿನವರು ಹೇಳಿದರು, ಹೋಟೆಲಿನವರೂ ಹೇಳಿದರು. ಫ್ರಾಂಕ್ ಊರೂರು ಅಲೆದು, ನಾಯಿ ತನ್ನ ಮೋಜಿನ ವಸ್ತುವಲ್ಲ, ತನ್ನ ಕಣ್ಣು ಎಂಬುದನ್ನು ಮನವರಿಕೆ ಮಾಡಿಕೊಟ್ಟನು. 1935ರ ಹೊತ್ತಿಗೆ ಅಮೆರಿಕದ ರೈಲು ಸಂಸ್ಥೆಗಳೆಲ್ಲವೂ ಮಾರ್ಗದರ್ಶಿ ನಾಯಿಗಳಿಗೆ ಅವಕಾಶ ಕೊಟ್ಟುವು. 1956ರ ವೇಳೆಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲಿಯೂ ಇದಕ್ಕೆ ಕಾನೂನಿನ ಬೆಂಬಲ ದೊರೆಯಿತು. ಇತ್ತ ಬ್ರಿಟನ್ನಿನಲ್ಲಿಯೂ 1931ರಲ್ಲಿ ಮ್ಯೂರಿಯಲ್ ಕ್ರುಕ್ ಮತ್ತು ರೋಸಮಂಡ್ ಬಾಂಡ್ ಎಂಬ ಇಬ್ಬರು ಮಹಿಳೆಯರ ಶ್ರಮದಿಂದ ಮೊದಲ ನಾಲ್ಕು ನಾಯಿಗಳು ತಮ್ಮ ಒಡೆಯರ ಕೈಸೇರಿದುವು.

ಮಾರ್ಗದರ್ಶಿ ನಾಯಿಯ ಶಿಕ್ಷಣ ಕಠಿಣವಾದುದು. ಮರಿಯನ್ನು ಎಳೆತನದಲ್ಲಿಯೇ ಒಂದು ಕುಟುಂಬಕ್ಕೆ ಒಪ್ಪಿಸುತ್ತಾರೆ. ಆ ಮನೆಯವರು ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಪ್ರೀತಿಯಿಂದ ಸಾಕಿ, ಸಂತೆ, ನಿಲ್ದಾಣ, ಮೆಟ್ಟಿಲು, ಮಳೆ, ಗದ್ದಲ ಎಲ್ಲವನ್ನೂ ರೂಢಿ ಮಾಡಿಸಿ, ಕೊನೆಗೆ ಕಣ್ಣೀರಿನೊಡನೆ ಶಾಲೆಗೆ ಹಿಂದಿರುಗಿಸುತ್ತಾರೆ. ಅಲ್ಲಿ ಹಲವು ತಿಂಗಳ ಪಾಠ ನಡೆಯುತ್ತದೆ. ನೇರವಾಗಿ ನಡೆಯುವುದು, ಕಾಲುದಾರಿಯ ಅಂಚಿನಲ್ಲಿ ನಿಲ್ಲುವುದು, ಗುಂಡಿಯನ್ನೂ ಕಂಬವನ್ನೂ ತಪ್ಪಿಸುವುದು ಮೊದಲಾದುವನ್ನು ಅದು ಕಲಿಯುತ್ತದೆ. ತನಗೆ ತಗುಲದಿದ್ದರೂ ಒಡೆಯನ ತಲೆಗೆ ತಗುಲಬಹುದಾದ ಕೊಂಬೆಯನ್ನು ಕಂಡು ನಿಲ್ಲಬೇಕಾದರೆ ಅದು ತನ್ನ ಎತ್ತರದ ಲೆಕ್ಕವನ್ನು ಬಿಟ್ಟು ಮನುಷ್ಯನ ಎತ್ತರದ ಲೆಕ್ಕವನ್ನು ಕಲಿಯಬೇಕು. ಕೊನೆಯಲ್ಲಿ ಅಂಧನೂ ನಾಯಿಯೂ ಕೆಲವು ವಾರ ಒಟ್ಟಿಗೆ ಅಭ್ಯಾಸ ಮಾಡಿ ಪರಸ್ಪರರನ್ನು ಅರಿತುಕೊಳ್ಳುತ್ತಾರೆ. ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ನಾಯಿಗಳೂ ಉಂಟು. ಅವುಗಳಿಗೆ ಬೇರೆ ಕೆಲಸವನ್ನೋ ಒಳ್ಳೆಯ ಮನೆಯನ್ನೋ ಹುಡುಕುತ್ತಾರೆ.

ಈ ನಾಯಿಗಳ ವಿಚಾರದಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಅಂಧನು ‘ಅಂಚೆ ಕಚೇರಿ’ ಎಂದರೆ ಸಾಕು, ನಾಯಿ ಅಲ್ಲಿಗೆ ಕರೆದೊಯ್ಯುತ್ತದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ದಾರಿಯ ನಕ್ಷೆ ಇರುವುದು ಅಂಧನ ತಲೆಯಲ್ಲಿ. ಎಷ್ಟು ಬೀದಿ ದಾಟಬೇಕು, ಎಲ್ಲಿ ಎಡಕ್ಕೆ ತಿರುಗಬೇಕು ಎಂಬುದನ್ನು ಅವನು ಬಲ್ಲನು. ಆಜ್ಞೆ ಕೊಡುವವನೂ ಅವನೇ. ನಾಯಿಗೆ ಕೆಂಪು ಹಸಿರು ಬಣ್ಣಗಳ ಭೇದ ಚೆನ್ನಾಗಿ ತಿಳಿಯದು. ಆದುದರಿಂದ ಸಂಚಾರದ ದೀಪವನ್ನು ನೋಡಿ ಅದು ನಡೆಯುವುದಿಲ್ಲ. ವಾಹನಗಳ ಸದ್ದನ್ನು ಆಲಿಸಿ ‘ಮುಂದೆ’ ಎಂದು ಹೇಳುವವನು ಅಂಧನೇ. ಆದರೆ ಆಗ ಸದ್ದಿಲ್ಲದೆ ಬರುವ ವಾಹನವೊಂದು ಎದುರಾದರೆ ನಾಯಿ ಆಜ್ಞೆಯನ್ನು ಮೀರಿ ನಿಂತುಬಿಡುತ್ತದೆ. ಇದನ್ನು ‘ವಿವೇಕದ ಅವಿಧೇಯತೆ’ ಎನ್ನುತ್ತಾರೆ. ಹೇಳಿದಂತೆ ಕೇಳುವುದನ್ನು ಕಲಿಸುವುದು ಸುಲಭ. ಯಾವಾಗ ಕೇಳಬಾರದು ಎಂಬುದನ್ನು ಕಲಿಸುವುದು ಕಷ್ಟ. ಮಾರ್ಗದರ್ಶಿ ನಾಯಿಯ ಹಿರಿಮೆಯಿರುವುದು ಇಲ್ಲಿಯೇ.

ಮಾರ್ಗದರ್ಶಿ ನಾಯಿಯ ಯಶಸ್ಸನ್ನು ಕಂಡು ಇತರ ಅಂಗವಿಕಲರಿಗೂ ನಾಯಿಗಳನ್ನು ಸಿದ್ಧಪಡಿಸುವ ಯತ್ನ ನಡೆಯಿತು. 1975ರಲ್ಲಿ ಬಾನಿ ಬರ್ಗಿನ್ ಎಂಬ ಮಹಿಳೆ ಕ್ಯಾಲಿಫೋರ್ನಿಯದಲ್ಲಿ, ಗಾಲಿಕುರ್ಚಿಯಲ್ಲಿ ಬಾಳುವವರಿಗೆ ನೆರವಾಗುವ ನಾಯಿಗಳ ಸಂಸ್ಥೆಯನ್ನು ಆರಂಭಿಸಿದರು. ಈ ನಾಯಿಗಳು ಕೆಳಗೆ ಬಿದ್ದ ಬೀಗದ ಕೈಯನ್ನು ಎತ್ತಿಕೊಡುತ್ತವೆ. ಹಗ್ಗವನ್ನು ಕಚ್ಚಿ ಎಳೆದು ಬಾಗಿಲು ತೆರೆಯುತ್ತವೆ. ದೀಪದ ಗುಂಡಿಯನ್ನು ಒತ್ತುತ್ತವೆ. ಕಿವುಡರಿಗೆ ನೆರವಾಗುವ ನಾಯಿಗಳ ಸಂಸ್ಥೆ ಬ್ರಿಟನ್ನಿನಲ್ಲಿ ಆರಂಭವಾದುದು 1982ರಲ್ಲಿ. ಬಾಗಿಲ ಗಂಟೆ ಬಾರಿಸಿದರೆ, ತೊಟ್ಟಿಲ ಮಗು ಅತ್ತರೆ, ಈ ನಾಯಿ ಬೊಗಳುವುದಿಲ್ಲ, ಬೊಗಳಿದರೆ ಕೇಳುವವರಾರು? ಅದು ಒಡೆಯನನ್ನು ಮುಂಗಾಲಿನಿಂದ ಮುಟ್ಟಿ, ಸದ್ದಿನ ಕಡೆಗೆ ಕರೆದೊಯ್ಯುತ್ತದೆ. ಹೊಗೆಯ ಎಚ್ಚರಿಕೆಯ ಗಂಟೆಯಾದರೆ ಅತ್ತ ಕರೆದೊಯ್ಯದೆ, ಅಪಾಯವೆಂದು ತಿಳಿಸಲು ನೆಲದ ಮೇಲೆ ಮಲಗಿಬಿಡುತ್ತದೆ. ಸಿಹಿಮೂತ್ರ ರೋಗಿಯ ರಕ್ತದಲ್ಲಿ ಸಕ್ಕರೆ ಇಳಿಯುತ್ತಿರುವುದನ್ನು ವಾಸನೆಯಿಂದ ಅರಿತು ಎಚ್ಚರಿಸುವ ನಾಯಿಗಳೂ, ಮೂರ್ಛೆರೋಗ ಬಂದವರ ಬಳಿ ನಿಂತು ನೆರವನ್ನು ಕರೆಯುವ ನಾಯಿಗಳೂ ಇವೆ. ಯುದ್ಧದ ಭೀಕರ ನೆನಪುಗಳಿಂದ ನರಳುವ ಸೈನಿಕನನ್ನು ಕೆಟ್ಟ ಕನಸಿನಿಂದ ಎಬ್ಬಿಸುವಂತೆಯೂ ನಾಯಿಗೆ ಕಲಿಸಲಾಗಿದೆ. ಇವೆಲ್ಲವನ್ನೂ ಒಟ್ಟಾಗಿ ‘ಸಹಾಯಕ ನಾಯಿಗಳು’ ಎಂದು ಕರೆಯುತ್ತಾರೆ. ನಾಯಿಯನ್ನು ಬಿಟ್ಟರೆ ಗಿಡ್ಡಜಾತಿಯ ಕುದುರೆಗಳನ್ನೂ ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಪಳಗಿಸಿರುವುದುಂಟು. ಪ್ರಾಣಿ ಯಾವುದೇ ಇರಲಿ, ಲಕ್ಷಣ ಒಂದೇ: ಒಬ್ಬ ಅಂಗವಿಕಲನಿಗಾಗಿ, ಅವನಿಂದ ಆಗದ ನಿರ್ದಿಷ್ಟ ಕೆಲಸವೊಂದನ್ನು ಮಾಡಲು ಅದು ಕಲಿತಿರುತ್ತದೆ.

ಇನ್ನು ಸಂತೈಸುವ ನಾಯಿಯ ಕಥೆ ಬೇರೆ. ಇಂಗ್ಲಿಷಿನವರು ಇದನ್ನು ‘ಥೆರಪಿ ಡಾಗ್’ ಎನ್ನುತ್ತಾರೆ. ಪ್ರಾಣಿಗಳ ಒಡನಾಟ ರೋಗಿಗೆ ಹಿತವೆಂಬ ಅರಿವು ಹಳೆಯದೇ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1796ರಲ್ಲಿ ಆರಂಭವಾದ ಮಾನಸಿಕ ರೋಗಿಗಳ ಆಶ್ರಮದ ಅಂಗಳದಲ್ಲಿ ಮೊಲಗಳನ್ನೂ ಕೋಳಿಗಳನ್ನೂ ಬಿಟ್ಟಿದ್ದರು. ರೋಗಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದ ಆ ಕಾಲದಲ್ಲಿ ಇದು ದೊಡ್ಡ ಹೆಜ್ಜೆ. ದಾದಿಯರ ವೃತ್ತಿಗೆ ಗೌರವ ತಂದ ಫ್ಲಾರೆನ್ಸ್ ನೈಟಿಂಗೇಲ್ ಕೂಡ, ಬಹುಕಾಲ ಹಾಸಿಗೆ ಹಿಡಿದವರಿಗೆ ಚಿಕ್ಕ ಸಾಕುಪ್ರಾಣಿ ಒಳ್ಳೆಯ ಸಂಗಾತಿಯೆಂದು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ಎರಡನೆಯ ಮಹಾಯುದ್ಧದಲ್ಲಿ ಒಂದು ಪುಟ್ಟ ನಾಯಿ ಈ ಮಾತಿಗೆ ನಿದರ್ಶನವಾಯಿತು. 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ, ಸೈನಿಕರು ಅಡಗಲು ತೋಡಿ ಬಿಟ್ಟುಹೋಗಿದ್ದ ಗುಂಡಿಯೊಂದರಲ್ಲಿ ಯಾರ್ಕ್‌ಷೈರ್ ಟೆರಿಯರ್ ಜಾತಿಯ ನಾಯಿಯೊಂದು ಸಿಕ್ಕಿತು. ಅದರ ತೂಕ ಎರಡು ಕಿಲೋಗ್ರಾಮಿಗಿಂತ ಕಡಿಮೆ. ಬಿಲ್ ವಿನ್ ಎಂಬ ಅಮೆರಿಕದ ಸೈನಿಕನು ಅದನ್ನು ಕೊಂಡು ‘ಸ್ಮೋಕಿ’ ಎಂದು ಕರೆದನು. ಕೆಲವು ತಿಂಗಳ ಅನಂತರ ಅವನು ಡೆಂಗೆ ಜ್ವರದಿಂದ ಆಸ್ಪತ್ರೆ ಸೇರಿದಾಗ ಗೆಳೆಯರು ನಾಯಿಯನ್ನು ಅವನ ಬಳಿಗೆ ತಂದರು. ಅದು ರಾತ್ರಿ ಅವನ ಹಾಸಿಗೆಯಲ್ಲಿ ಮಲಗುವುದು; ಹಗಲು ದಾದಿಯರು ಅದನ್ನು ಇತರ ಗಾಯಾಳುಗಳ ಬಳಿಗೆ ಕರೆದೊಯ್ಯುವುದು. ಊರು ಬಿಟ್ಟು, ಕೈಕಾಲು ಕಳೆದುಕೊಂಡು, ಮಾತೇ ಬೇಡವಾಗಿದ್ದ ತರುಣರು ಆ ಹಿಡಿಯಷ್ಟು ನಾಯಿಯನ್ನು ಕಂಡು ಕೈ ಚಾಚಿದರು. ಯುದ್ಧ ಮುಗಿದ ಮೇಲೂ ಸ್ಮೋಕಿ ಬಹುಕಾಲ ಆಸ್ಪತ್ರೆಗಳಿಗೆ ಹೋಗುತ್ತಿತ್ತು. ಅದಕ್ಕೆ ದಾರಿ ತೋರುವುದು ಗೊತ್ತಿರಲಿಲ್ಲ. ಬಾಗಿಲು ತೆರೆಯುವುದೂ ತಿಳಿದಿರಲಿಲ್ಲ. ಅದು ಬಂದಿತೆಂಬುದೇ ಅವರಿಗೆ ಸಾಕಾಗಿತ್ತು.

ಇದನ್ನು ವಿದ್ವಾಂಸರ ಮುಂದೆ ಮೊದಲಿಗೆ ಇಟ್ಟವರಲ್ಲಿ ನ್ಯೂಯಾರ್ಕಿನ ಬೋರಿಸ್ ಲೆವಿನ್‌ಸನ್ ಪ್ರಮುಖರು. ಅವರು ಮಕ್ಕಳ ಮನಶ್ಶಾಸ್ತ್ರಜ್ಞರು. ಯಾರೊಡನೆಯೂ ಬೆರೆಯದ ಬಾಲಕನೊಬ್ಬನು ಒಂದು ದಿನ ಹೊತ್ತಿಗೆ ಮೊದಲೇ ಅವರಲ್ಲಿಗೆ ಬಂದನು. ಅವರ ನಾಯಿ ‘ಜಿಂಗಲ್ಸ್’ ಕೋಣೆಯಲ್ಲಿಯೇ ಇತ್ತು. ಅದು ಓಡಿಬಂದು ಹುಡುಗನನ್ನು ನೆಕ್ಕಿತು; ಹುಡುಗನು ಅದನ್ನು ಅಪ್ಪಿಕೊಂಡನು. ನಾಯಿಯೊಡನೆ ಆಡುತ್ತ ಆಡುತ್ತ ಅವನು ಕ್ರಮೇಣ ವೈದ್ಯರೊಡನೆಯೂ ಮಾತಿಗೆ ತೊಡಗಿದನು. 1961ರಲ್ಲಿ ಲೆವಿನ್‌ಸನ್ ಈ ಅನುಭವವನ್ನು ಮನಶ್ಶಾಸ್ತ್ರಜ್ಞರ ಸಭೆಯಲ್ಲಿ ಹೇಳಿದಾಗ ಕೆಲವರು ಹಾಸ್ಯ ಮಾಡಿದರು. ಅವರು ಎದೆಗುಂದದೆ 1962ರಲ್ಲಿ ಲೇಖನವನ್ನೂ 1969ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. 1976ರಲ್ಲಿ ಎಲೇನ್ ಸ್ಮಿತ್ ಎಂಬ ದಾದಿ ಅಮೆರಿಕದಲ್ಲಿ ಸಂತೈಸುವ ನಾಯಿಗಳ ಸಂಸ್ಥೆಯೊಂದನ್ನು ಸ್ಥಾಪಿಸಿದರು. ನಗೆಯ ವಿಷಯವಾಗಿದ್ದುದು ಹೀಗೆ ನಾಡುನಾಡುಗಳಲ್ಲಿ ಹರಡಿತು.

ಸಂತೈಸುವ ನಾಯಿ ಬಹುಮಟ್ಟಿಗೆ ಯಾರದೋ ಮನೆಯ ಸಾಕುನಾಯಿಯೇ. ಅದರ ಯಜಮಾನನು ವಾರದಲ್ಲಿ ಒಂದೆರಡು ಗಂಟೆ ಬಿಡುವು ಮಾಡಿಕೊಂಡು, ಪ್ರತಿಫಲವನ್ನು ಬಯಸದೆ, ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಶಾಲೆಗೋ ಅದನ್ನು ಕರೆದೊಯ್ಯುತ್ತಾನೆ. ಇಂಥ ನಾಯಿಗೆ ಬೇಕಾದುದು ಜಾಣ್ಮೆಗಿಂತ ಹೆಚ್ಚಾಗಿ ಶಾಂತವಾದ ಸ್ವಭಾವ. ಎದುರಿಗೆ ಪಾತ್ರೆ ಬಿದ್ದು ಸದ್ದಾದರೆ ಬೆದರಬಾರದು; ಊರುಗೋಲನ್ನೂ ಗಾಲಿಕುರ್ಚಿಯನ್ನೂ ಕಂಡು ಗುರುಗುಟ್ಟಬಾರದು; ನಡುಗುವ ಕೈಯೊಂದು ಒರಟಾಗಿ ಕಿವಿ ಹಿಡಿದರೂ ಸಹಿಸಿಕೊಳ್ಳಬೇಕು. ಇವೆಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಅದಕ್ಕೆ ಒಪ್ಪಿಗೆ. ಪಶುವೈದ್ಯರು ಆರೋಗ್ಯವನ್ನು ನೋಡಿರಬೇಕು, ಲಸಿಕೆಗಳು ಆಗಿರಬೇಕು, ಮೈ ತೊಳೆದು ಉಗುರು ಕತ್ತರಿಸಿರಬೇಕು. ನಾಯಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯಬೇಕು. ನಾಯಿಯ ಕೂದಲು ಒಗ್ಗದವರ ಬಳಿಗೂ, ತೆರೆದ ಗಾಯವುಳ್ಳವರ ಬಳಿಗೂ, ಹೆದರುವವರ ಬಳಿಗೂ ಅದನ್ನು ಬಿಡುವುದಿಲ್ಲ. ನಾಯಿಯೂ ದಣಿಯುತ್ತದೆಂಬುದನ್ನು ಮರೆಯಬಾರದು. ಅದು ಮತ್ತೆ ಮತ್ತೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ ಯಜಮಾನನು ಅದರ ಮನಸ್ಸನ್ನರಿತು ಹೊರಗೆ ಕರೆದೊಯ್ಯಬೇಕು.

ಇಂಥ ನಾಯಿ ರೋಗವನ್ನು ಗುಣಪಡಿಸುವುದಿಲ್ಲ. ಔಷಧದ ಸ್ಥಾನವನ್ನು ಅದು ಪಡೆಯಲಾರದು. ಆದರೆ ನಾಯಿಯನ್ನು ನೇವರಿಸುವಾಗ ಮನಸ್ಸಿನ ಕಳವಳ ತಗ್ಗುವುದನ್ನು ಹಲವು ಅಧ್ಯಯನಗಳು ಕಂಡಿವೆ. ಪಾರ್ಶ್ವವಾಯುವಿನಿಂದ ಕೈ ಸ್ವಾಧೀನ ತಪ್ಪಿದವನಿಗೆ ‘ಕೈ ಎತ್ತು’ ಎಂದರೆ ಬೇಸರ. ನಾಯಿಯ ಮೈ ಬಾಚಲು ಬಾಚಣಿಗೆ ಕೊಟ್ಟರೆ ಅವನು ತಾನಾಗಿ ಕೈ ಆಡಿಸುತ್ತಾನೆ. ಶಾಲೆಯ ಮಕ್ಕಳಿಗೂ ಇದರಿಂದ ಪ್ರಯೋಜನವಾಗಿದೆ. ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿ 1999ರಲ್ಲಿ ಒಂದು ಯೋಜನೆ ಆರಂಭವಾಯಿತು. ಓದುವಾಗ ತಡವರಿಸುವ ಮಕ್ಕಳು ನಾಯಿಯ ಪಕ್ಕದಲ್ಲಿ ಕುಳಿತು ಅದಕ್ಕೆ ಕೇಳುವಂತೆ ಗಟ್ಟಿಯಾಗಿ ಓದಬೇಕು. ತಪ್ಪು ಓದಿದರೆ ನಾಯಿ ನಗುವುದಿಲ್ಲ, ತಡವಾದರೆ ಸಿಡುಕುವುದಿಲ್ಲ, ಪಕ್ಕದ ಮನೆಯ ಹುಡುಗನಿಗೆ ಹೋಲಿಸುವುದೂ ಇಲ್ಲ. ನಾಚಿಕೆ ದೂರವಾದಾಗ ನಾಲಗೆ ತಾನಾಗಿ ಹರಿಯುತ್ತದೆ. ಕಲಿಸುವವರೆಲ್ಲರೂ ಈ ನಾಯಿಯಿಂದ ಸ್ವಲ್ಪ ತಾಳ್ಮೆಯನ್ನು ಕಲಿಯಬಹುದು.

ಈಗ ಎರಡು ಬಗೆಯ ನಾಯಿಗಳನ್ನೂ ಎದುರುಬದುರಾಗಿ ನಿಲ್ಲಿಸಿ ನೋಡಬಹುದು. ಮಾರ್ಗದರ್ಶಿ ನಾಯಿ ಒಬ್ಬನಿಗೆ ಮೀಸಲು. ಹಗಲಿರುಳು ಅವನ ಸಂಗಾತಿ. ಸಂತೈಸುವ ನಾಯಿ ಹಲವರಿಗೆ ಸೇರಿದುದು. ಸಂಜೆಗೆ ತನ್ನ ಮನೆಗೆ ಮರಳುತ್ತದೆ. ಮೊದಲನೆಯದು ನಿರ್ದಿಷ್ಟವಾದ ಕೆಲಸವನ್ನು ಬಹುಕಾಲ ಕಲಿತಿರುತ್ತದೆ. ಎರಡನೆಯದಕ್ಕೆ ಒಳ್ಳೆಯ ನಡತೆಯೂ ಸೌಮ್ಯ ಸ್ವಭಾವವೂ ಮುಖ್ಯ. ಮೊದಲನೆಯದನ್ನು ಕೆಲಸದ ವೇಳೆಯಲ್ಲಿ ಯಾರೂ ಮುಟ್ಟಬಾರದು. ಎರಡನೆಯದರ ಕೆಲಸವೇ ಮುಟ್ಟಿಸಿಕೊಳ್ಳುವುದು. ಕಾನೂನಿನಲ್ಲಿಯೂ ಭೇದವಿದೆ. ಅಮೆರಿಕದ 1990ರ ಕಾಯಿದೆಯ ಪ್ರಕಾರ ಸಹಾಯಕ ನಾಯಿಯೊಡನೆ ಬಂದ ಅಂಗವಿಕಲನನ್ನು ಅಂಗಡಿ, ಹೋಟೆಲು, ಆಸ್ಪತ್ರೆಗಳಲ್ಲಿ ತಡೆಯುವಂತಿಲ್ಲ. ಆ ಹಕ್ಕು ನಾಯಿಯದೆಂದು ಕಂಡರೂ ನಿಜವಾಗಿ ಅದು ಮನುಷ್ಯನದು. ಸಂತೈಸುವ ನಾಯಿಗೆ ಈ ಹಕ್ಕಿಲ್ಲ. ಅದು ಅತಿಥಿ, ಕರೆದವರ ಮನೆಗೆ, ಕರೆದ ಹೊತ್ತಿಗೆ ಮಾತ್ರ ಹೋಗಬೇಕು.

ಇವೆರಡರ ನಡುವೆ ಮೂರನೆಯ ಬಗೆಯೊಂದು ಉಂಟು. ಕೆಲವರಿಗೆ ತಮ್ಮ ಸಾಕುಪ್ರಾಣಿ ಹತ್ತಿರದಲ್ಲಿದ್ದರೆ ಮನಸ್ಸಿಗೆ ಧೈರ್ಯ. ಇಂಥವನ್ನು ‘ಭಾವನಾತ್ಮಕ ಆಸರೆಯ ಪ್ರಾಣಿಗಳು’ ಎನ್ನುತ್ತಾರೆ. ಇವುಗಳಿಗೆ ವಿಶೇಷ ಶಿಕ್ಷಣವೇನೂ ಬೇಕಿಲ್ಲ. ಇವನ್ನು ಅಮೆರಿಕದ ವಿಮಾನಗಳಲ್ಲಿ ಬಹುಕಾಲ ಬಿಡುತ್ತಿದ್ದರು. ಕ್ರಮೇಣ ಈ ಸೌಲಭ್ಯದ ದುರುಪಯೋಗ ಹೆಚ್ಚಿತು. 2018ರ ಜನವರಿಯಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಪ್ರಯಾಣಿಕರೊಬ್ಬರು ನವಿಲನ್ನೇ ತಂದರು. ಅಧಿಕಾರಿಗಳು ಅದನ್ನು ಹತ್ತಿಸಿಕೊಳ್ಳಲಿಲ್ಲ. ನವಿಲಿನ ಕಥೆಯನ್ನು ಕೇಳಿ ನಗಬಹುದು. ಆದರೆ ಪಳಗದ ನಾಯಿಗೆ ಸುಳ್ಳು ಬಿಲ್ಲೆಯನ್ನು ಕಟ್ಟಿ ಸಹಾಯಕ ನಾಯಿಯೆಂದು ಒಳಗೆ ತರುವುದು ನಗುವ ಸಂಗತಿಯಲ್ಲ. ಆ ನಾಯಿ ನಿಜವಾದ ಮಾರ್ಗದರ್ಶಿ ನಾಯಿಯ ಮೇಲೆ ಎರಗಿದರೆ, ಒಮ್ಮೆ ಬೆದರಿದ ಆ ನಾಯಿ ಮತ್ತೆ ಕೆಲಸಕ್ಕೆ ಬಾರದೆ ಹೋಗಬಹುದು. ಆಗ ಒಬ್ಬ ಅಂಧನು ಎರಡನೆಯ ಬಾರಿ ಕಣ್ಣು ಕಳೆದುಕೊಂಡಂತಾಗುತ್ತದೆ. ಮೇಲಾಗಿ, ಒಂದು ಸಲ ಮೋಸಹೋದ ಅಂಗಡಿಯವನು ಮುಂದೆ ನಿಜವಾದವನನ್ನೂ ಸಂಶಯದಿಂದ ನೋಡುತ್ತಾನೆ. ಈ ಕಾರಣಗಳಿಂದ 2021ರ ಜನವರಿಯಿಂದ ಜಾರಿಗೆ ಬಂದ ನಿಯಮದಂತೆ, ಇಂಥ ಪ್ರಾಣಿಗಳನ್ನು ಸಹಾಯಕ ನಾಯಿಗಳಂತೆ ಕಾಣಬೇಕೆಂಬ ಕಟ್ಟುಪಾಡು ಅಲ್ಲಿನ ವಿಮಾನ ಸಂಸ್ಥೆಗಳಿಗೆ ಇಲ್ಲ. ಮಾರಿಸ್ ಫ್ರಾಂಕ್ ವರ್ಷಗಟ್ಟಲೆ ಅಲೆದು ತೆರೆಸಿದ ಬಾಗಿಲನ್ನು ಇನ್ನೊಬ್ಬರ ಹುಸಿ ಮುಚ್ಚಿಸಬಾರದಷ್ಟೆ.

ಎದೆಪಟ್ಟಿ ತೊಟ್ಟು ನಡೆಯುವ ನಾಯಿಯನ್ನು ಕಂಡಾಗ ಅದನ್ನು ಕರೆಯಬಾರದು, ಚಪ್ಪಾಳೆ ತಟ್ಟಬಾರದು, ತಿನ್ನಲು ಬಿಸ್ಕತ್ತು ಎಸೆಯಬಾರದು. ಒಂದು ಕ್ಷಣ ಅದರ ಗಮನ ಬೇರೆಡೆ ಹರಿದರೆ ಅದರ ಒಡೆಯನು ಚರಂಡಿಗೆ ಬೀಳಬಹುದು. ಮಾತನಾಡಬೇಕಾದರೆ ನಾಯಿಯೊಡನೆ ಬೇಡ, ಮನುಷ್ಯನೊಡನೆ ಆಡಬೇಕು. ಸಂತೈಸುವ ನಾಯಿಯನ್ನಾದರೂ ಅದರ ಯಜಮಾನನ ಅನುಮತಿ ಪಡೆದೇ ಮುಟ್ಟಬೇಕು. ಈ ಪಾಠವನ್ನು ಓದಿ, ಬೀದಿಯ ಅಪರಿಚಿತ ನಾಯಿಯನ್ನು ನೇವರಿಸಲು ಹೋಗುವುದು ಸರಿಯಲ್ಲ. ಅಂಥ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನಮ್ಮ ದೇಶದಲ್ಲಿ ಮಾರ್ಗದರ್ಶಿ ನಾಯಿಗಳು ಅತಿ ವಿರಳ. ಒಡೆದ ಕಾಲುದಾರಿ, ತೆರೆದ ಚರಂಡಿ, ಬೀದಿನಾಯಿಗಳ ಕಾಟ ಇವುಗಳ ನಡುವೆ ಎಂಥ ನಾಯಿಗೂ ದಾರಿ ತೋರುವುದು ಕಷ್ಟ. ಇಲ್ಲಿನ ಅಂಧರಿಗೆ ಬಿಳಿಯ ಕೋಲೇ ಕಣ್ಣು. ನಾಯಿಗೆ ಹೇಳಿದ ಮಾತು ಆ ಕೋಲಿಗೂ ಸಲ್ಲುತ್ತದೆ. ನೆರವಾಗುವ ಉತ್ಸಾಹದಿಂದ ಅಂಧನ ಕೋಲನ್ನು ಹಿಡಿದೆಳೆಯುವವರು, ಕೇಳದೆಯೇ ತೋಳು ಹಿಡಿದು ಬೀದಿ ದಾಟಿಸುವವರು ಅನೇಕರಿದ್ದಾರೆ. ಅವನು ಬೀದಿ ದಾಟಬೇಕೆಂದಿದ್ದನೇ ಎಂಬುದನ್ನು ಅವರು ವಿಚಾರಿಸಿರುವುದಿಲ್ಲ. ‘ನೆರವು ಬೇಕೆ?’ ಎಂದು ಮೊದಲು ಕೇಳಿ, ‘ಹೌದು’ ಎಂದರೆ ತಮ್ಮ ತೋಳನ್ನು ಅವನಿಗೆ ಹಿಡಿಯಲು ಕೊಡುವುದು ಸರಿಯಾದ ರೀತಿ. ಆಗ ನಡೆಯುವವನು ಅವನಾಗುತ್ತಾನೆ, ಜೊತೆಯಾಗುವವರು ನಾವಾಗುತ್ತೇವೆ.

ಹಡಗಿನಲ್ಲಿ ಗಂಟಿನಂತೆ ಹೋದ ತರುಣನು ತನ್ನ ಹೆಜ್ಜೆಯನ್ನು ತಾನೇ ಇಡುತ್ತ ಮರಳಿದನು. ಬಡ್ಡಿ ಅವನಿಗೆ ದೃಷ್ಟಿಯನ್ನು ಕೊಡಲಿಲ್ಲ. ಎಲ್ಲಿಗೆ ಹೋಗಬೇಕೆಂಬುದನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯವನ್ನು ಕೊಟ್ಟಿತು. ಸ್ಮೋಕಿ ಗಾಯಾಳುಗಳ ಗಾಯವನ್ನು ಮಾಯಿಸಲಿಲ್ಲ. ಗಾಯ ಮಾಯುವವರೆಗೆ ಕಾಯುವ ಧೈರ್ಯವನ್ನು ಕೊಟ್ಟಿತು. ಎರಡೂ ದೊಡ್ಡ ಸೇವೆಗಳೇ. ಯಾವ ನಾಯಿ ಯಾವ ಸೇವೆಯಲ್ಲಿದೆ ಎಂಬುದನ್ನರಿತು ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು ಕಣ್ಣಿರುವವರು ಸಲ್ಲಿಸಬೇಕಾದ ಸಣ್ಣ ಸೇವೆ.

ಪದಗಳ ಅರ್ಥ

ಸಂಚಕಾರ – ಕೇಡು, ಅಪಾಯ
ವಿಷಾನಿಲ – ವಿಷದ ಗಾಳಿ
ತಂತಿ – ತಂತಿಯ ಮೂಲಕ ಕಳುಹಿಸುವ ಸುದ್ದಿ
ಅವಿಧೇಯತೆ – ಹೇಳಿದಂತೆ ಕೇಳದಿರುವುದು
ನಿದರ್ಶನ – ಉದಾಹರಣೆ
ನೇವರಿಸು – ಮೃದುವಾಗಿ ಕೈಯಾಡಿಸು
ಹುಸಿ – ಸುಳ್ಳು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಆತಕೂರಿನ ಶಾಸನದಲ್ಲಿ ಯಾವ ನಾಯಿಯ ಕಥೆಯಿದೆ?
2. ಮಾರ್ಗದರ್ಶಿ ನಾಯಿಗಳ ಶಾಲೆಯನ್ನು 1916ರಲ್ಲಿ ತೆರೆದವರು ಯಾರು?
3. ಮಾರಿಸ್ ಫ್ರಾಂಕ್ ಕಳುಹಿಸಿದ ತಂತಿಯಲ್ಲಿ ಏನಿತ್ತು?
4. ಕಿವುಡರಿಗೆ ನೆರವಾಗುವ ನಾಯಿ ಸದ್ದನ್ನು ಹೇಗೆ ತಿಳಿಸುತ್ತದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ವಿವೇಕದ ಅವಿಧೇಯತೆ’ ಎಂದರೇನು? ಅದು ಏಕೆ ಅಗತ್ಯ?
2. ಓದಲು ತಡವರಿಸುವ ಮಕ್ಕಳಿಗೆ ನಾಯಿಯ ಜೊತೆ ಹೇಗೆ ನೆರವಾಗುತ್ತದೆ?
3. ಸುಳ್ಳು ಬಿಲ್ಲೆ ಕಟ್ಟಿದ ನಾಯಿಯಿಂದ ಅಂಧರಿಗೆ ಆಗುವ ಹಾನಿ ಯಾವುದು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಾರ್ಗದರ್ಶಿ ನಾಯಿಗೂ ಸಂತೈಸುವ ನಾಯಿಗೂ ಇರುವ ಭೇದಗಳನ್ನು ವಿವರಿಸಿರಿ.
2. ಮಾರಿಸ್ ಫ್ರಾಂಕನ ಪ್ರಯತ್ನದಿಂದ ಅಂಧರಿಗೆ ದೊರೆತ ಲಾಭಗಳನ್ನು ಬರೆಯಿರಿ.

ಈ) ಸಂದರ್ಭವನ್ನು ಸೂಚಿಸಿ ವಿವರಿಸಿರಿ.
1. ‘ಬೊಗಳಿದರೆ ಕೇಳುವವರಾರು?’
2. ‘ಒಬ್ಬ ಅಂಧನು ಎರಡನೆಯ ಬಾರಿ ಕಣ್ಣು ಕಳೆದುಕೊಂಡಂತಾಗುತ್ತದೆ.’

ಉ) ವಿಗ್ರಹಿಸಿ ಸಮಾಸಗಳನ್ನು ಹೆಸರಿಸಿರಿ.
ಬೇಟೆನಾಯಿ, ಗಾಲಿಕುರ್ಚಿ, ಕೈಕಾಲು, ಮುಂಗಾಲು